ನಿಲ್ಲಿಸಬಾರದ ಜಾಗ

ನಮ್ಮ ತವರಿನಲ್ಲಿ ಪುಸ್ತಕವನ್ನು ಎಲ್ಲೆಂದರಲ್ಲಿ ಮುಚ್ಚುವ ಹಾಗಿರಲಿಲ್ಲ. ಹೀಗೆಂದರೆ ಈಗಿನವರಿಗೆ ನಗು ಬರಬಹುದು. ನಗಲಿ. ನಮ್ಮ ಮನೆಯಲ್ಲಿ ಯಾರಾದರೂ ನಕ್ಕು ಆರು ತಿಂಗಳಾಗುತ್ತ ಬಂತು, ನಿಮ್ಮ ಮನೆಯಲ್ಲಾದರೂ ಆ ಸದ್ದು ಇರಲಿ.

ನಿಯಮ ನನ್ನ ಅಜ್ಜನದು. ತಿರುವಲ್ಲಿಕ್ಕೇಣಿಯ ಒಂದು ಸಂದಿಯಲ್ಲಿ ನಮ್ಮ ಮನೆ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದರೂ ಪಾರಾಯಣಕ್ಕೆ ಕೂತರೆ ಅಜ್ಜ ಅರ್ಥ ಹೇಳುತ್ತಿದ್ದುದು ಕನ್ನಡದಲ್ಲೇ. ಕೆಂಪು ನೆಲದ ಮೇಲೆ ಮಣೆ, ಮಣೆಯ ಮುಂದೆ ವ್ಯಾಸಪೀಠ, ಅದರ ಮೇಲೆ ಅಂಚು ಸವೆದ ಗ್ರಂಥ. ಒಳಗೆ ಅಜ್ಜಿ ಹಯಗ್ರೀವ ಮಾಡಿಟ್ಟಿರುತ್ತಿದ್ದಳು. ಬೆಲ್ಲ, ಕಡಲೆಬೇಳೆ, ತುಪ್ಪ ಸೇರಿದ ಆ ವಾಸನೆ ನಡುಮನೆಗೆ ಬಂದು ನಮ್ಮ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ಪಾರಾಯಣ ಮುಗಿಯದೆ ನೈವೇದ್ಯವಿಲ್ಲ, ನೈವೇದ್ಯವಾಗದೆ ನಮಗಿಲ್ಲ. ಆ ದಿನದ ಪಾಲು ಮುಗಿದರೂ ಅಜ್ಜ ಏಳುತ್ತಿರಲಿಲ್ಲ. ಕಥೆಯಲ್ಲಿ ಯಾರೋ ಕಾಡಿನಲ್ಲಿ ಅಳುತ್ತಿರುತ್ತಿದ್ದರು, ಇಲ್ಲವೇ ಯಾರನ್ನೋ ಯಾರೋ ಕಟ್ಟಿಹಾಕಿರುತ್ತಿದ್ದರು. ಕಣ್ಣೀರು ನಿಲ್ಲುವವರೆಗೆ, ಕಟ್ಟು ಬಿಚ್ಚುವವರೆಗೆ ಓದುತ್ತಲೇ ಹೋಗಬೇಕು. ಒಂದು ಮಂಗಳದ ಮಾತು ಬಂದ ಮೇಲೆಯೇ ತುಳಸಿ ದಳ ಇಟ್ಟು ಮುಚ್ಚಬೇಕು.

ಒಮ್ಮೆ ಹಸಿವು ತಡೆಯಲಾರದೆ ಕೇಳಿದ್ದೆ. "ಮಿಕ್ಕಿದ್ದು ನಾಳೆ ಓದಬಾರದಾ ಅಜ್ಜ?"

ಅಜ್ಜ ಕನ್ನಡಕದ ಮೇಲಿನಿಂದ ನೋಡಿದರು. "ಅಳ್ತಾ ಇರೋರನ್ನ ಅಲ್ಲೇ ಬಿಟ್ಟು ಊಟಕ್ಕೆ ಏಳೋದಾ? ನಾಳೆ ನಾವು ಬಂದು ಪುಟ ತೆಗೆಯೋವರೆಗೂ ಅವರು ಅಳ್ತಾನೇ ಇರಬೇಕಾಗತ್ತೆ ಕಣಮ್ಮ. ನೀನು ಮಾತ್ರ ಹಯಗ್ರೀವ ತಿಂತಿರ್ತೀಯ."

ಆ ಮಾತು ನನ್ನೊಳಗೆ ಮೊಳೆಯ ಹಾಗೆ ಕೂತಿತು. ವಾರಪತ್ರಿಕೆಯ ಧಾರಾವಾಹಿಗಳನ್ನು ಓದುವ ಸುಖವನ್ನೇ ಅದು ಕಿತ್ತುಕೊಂಡಿತು. ಅವರು ನಿಲ್ಲಿಸುವುದೇ ಕೆಟ್ಟ ಜಾಗದಲ್ಲಿ. ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿರುತ್ತಾಳೆ, ಮಿಕ್ಕಿದ್ದು ಬರುವ ವಾರ. ಆ ಏಳು ದಿನವೂ ಅವಳು ನನ್ನಿಂದಾಗಿಯೇ ಅಲ್ಲಿ ನಿಂತಿದ್ದಾಳೆ ಎನ್ನಿಸಿ ನನಗೆ ಲೆಕ್ಕದ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಲೆಕ್ಕ ಹತ್ತದಿದ್ದುದಕ್ಕೆ ಬೇರೆ ಕಾರಣಗಳೂ ಇದ್ದವು, ಅದು ಬೇರೆ ಮಾತು.

ನನ್ನ ಮಗಳು ಶ್ರೀನಿಧಿಗೂ ಈ ರೋಗ ಅಂಟಿಸಿದವಳು ನಾನೇ. ಅವಳಿಗೆ ಮೂರು ವರ್ಷವಿದ್ದಾಗ ಮೈಲಾಪೂರಿನ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಕೆಳಗೆ ಹೋಗುವ ಬಸ್ಸು ತೋರಿಸುತ್ತ, ಕಥೆ ಹೇಳುತ್ತ ಮೊಸರನ್ನ ತಿನ್ನಿಸುತ್ತಿದ್ದೆ. ಕಥೆಯಲ್ಲಿ ಮೊಲ ದಾರಿ ತಪ್ಪಿದ್ದರೆ ತುತ್ತು ಕೆನ್ನೆಯಲ್ಲೇ ಇರುತ್ತಿತ್ತು. ಮೊಲ ಮನೆ ಸೇರಿದ ಮೇಲೆ ನುಂಗುತ್ತಿದ್ದಳು. ಆಮೇಲೆ ಇಂಗ್ಲಿಷ್ ಸ್ಕೂಲು, ತಮಿಳು ಗೆಳತಿಯರು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುವುದು ರೂಢಿಯಾಯಿತು. ಕನ್ನಡ ಅಕ್ಷರ ಕಲಿಸಬೇಕಿತ್ತು. ಡ್ರಾಯಿಂಗ್ ಕ್ಲಾಸಿಗೆ ಹೊತ್ತಾಗುತ್ತದೆ ಎಂದು ಒಂದು ವರ್ಷ ಬಿಟ್ಟೆ, ಹತ್ತನೆಯ ಕ್ಲಾಸು ಎಂದು ಇನ್ನೊಂದು ವರ್ಷ ಬಿಟ್ಟೆ. ಬಿಟ್ಟದ್ದು ಬಿಟ್ಟೇ ಹೋಯಿತು.

ಈಗ ಅವಳಿಗೆ ಹತ್ತೊಂಬತ್ತು. ಬಿ.ಎ. ಇಂಗ್ಲಿಷ್, ಎರಡನೆಯ ವರ್ಷ. ಆಷಾಢದಲ್ಲಿ ಒಂದು ಸೋಮವಾರ ಕಾಲೇಜಿಗೆ ಹೋಗಲು ತಲೆ ಬಾಚಿಕೊಂಡವಳು, ಬಾಚಣಿಗೆ ಹಿಡಿದುಕೊಂಡೇ ಹಾಸಿಗೆಯ ಮೇಲೆ ಕೂತಳು. ಆಮೇಲೆ ಮಲಗಿದಳು. ಗೋಡೆಯ ಕಡೆ ತಿರುಗಿದಳು. ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ, ಯಾವ ಪರೀಕ್ಷೆಯೂ ಕೈಕೊಡಲಿಲ್ಲ, ಪ್ರೀತಿ ಗೀತಿ ಎಂದು ನನಗೆ ತಿಳಿದ ಮಟ್ಟಿಗೆ ಯಾವುದೂ ಇರಲಿಲ್ಲ. ಏನಾದರೂ ಆಗಿದ್ದರೆ ಅದಕ್ಕೊಂದು ಪರಿಹಾರ ಹುಡುಕಬಹುದಿತ್ತು. ಏನೂ ಆಗದೆ ಮಲಗಿದವಳನ್ನು ಯಾವ ಬಾಗಿಲಿನಿಂದ ಕರೆಯಲಿ?

ಮನಸ್ಸಿನ ಡಾಕ್ಟರು ಮಾತ್ರೆ ಕೊಟ್ಟರು. ಮಾತಾಡು ಎಂದು ಒತ್ತಾಯಿಸಬೇಡಿ, ಪಕ್ಕದಲ್ಲಿರಿ, ಅಷ್ಟೇ ಎಂದರು. ಪಕ್ಕದಲ್ಲಿರುವುದು ನನಗೆ ಬರುವ ಕೆಲಸ. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಆದರೆ ಕೈ ಕಟ್ಟಿ ಪಕ್ಕದಲ್ಲಿರುವುದು ಮೊದಲ ಸಲ.

ಭಾದ್ರಪದದಲ್ಲಿ ಅವಳ ಕೋಣೆ ಒರೆಸುವಾಗ ಕಾಲೇಜಿನ ಬ್ಯಾಗಿನಿಂದ ಒಂದು ಕಾದಂಬರಿ, ಒಂದು ಉದ್ದನೆಯ ನೋಟ್‌ಬುಕ್ಕು ಹೊರಗೆ ಜಾರಿದವು. ಕಾದಂಬರಿ ಅಮೆರಿಕದವರದು, ಹಳೆಯದು, ಅವಳ ಪಾಠಕ್ಕೆ ಇಟ್ಟದ್ದು. ನೋಟ್‌ಬುಕ್ಕಿನ ಮೇಲೆ 'ರೀಡಿಂಗ್ ಜರ್ನಲ್' ಎಂದಿತ್ತು. ಒಳಗೆ ಕಾಲೇಜಿನವರು ಕೊಟ್ಟ ಸೂಚನೆಯ ಹಾಳೆ ಅಂಟಿಸಿದ್ದಳು: ಓದಿದ ದಿನ ಎಡಪುಟದಲ್ಲಿ ಕಥೆಯಲ್ಲಿ ನಡೆದದ್ದನ್ನು ಬರೆಯಬೇಕು, ಬಲಪುಟದಲ್ಲಿ ಓದಿ ನಿಮಗೆ ಏನನ್ನಿಸಿತೋ ಅದನ್ನು. ನಲವತ್ತು ದಿನದ ಬರಹ ಬೇಕು. ನಿಧಿ ಮೂರು ದಿನ ಬರೆದಿದ್ದಳು. ನಾಲ್ಕನೆಯ ದಿನ ಎಡಪುಟ ತುಂಬಿತ್ತು. ಬಲಪುಟದಲ್ಲಿ 'ಐ ಫೀಲ್' ಎಂದು ಎರಡೇ ಪದ. ಅಲ್ಲಿಂದ ಮುಂದೆ ಗೆರೆಗಳು ಮಾತ್ರ.

ಅವಳು ಎಲ್ಲಿ ನಿಲ್ಲಿಸಿದ್ದಾಳೆ ಎಂದು ಪುಸ್ತಕ ತೆಗೆದು ನೋಡಿದೆ. ನನ್ನ ಇಂಗ್ಲಿಷ್ ತಮಿಳು ಮೀಡಿಯಂ ಪ್ಲಸ್ ಟೂ ಇಂಗ್ಲಿಷ್. ನಮ್ಮ ಯಜಮಾನರು ಸ್ಕೂಲಿನಲ್ಲಿ ಬಹುಮಾನ ಪಡೆದ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಎರಡು ಪುಟಕ್ಕೆ ಒಂದು ಮಧ್ಯಾಹ್ನ ಕಳೆದೆ. ಒಂದು ದೊಡ್ಡ ನದಿ. ದಡದಲ್ಲಿ ದೋಣಿ ದಾಟಿಸುವವರ ಮನೆ. ಚಳಿಗೆ ನದಿ ಕಲ್ಲಿನಂತೆ ಗಟ್ಟಿಯಾಗಿದೆ. ಮನೆಯ ಗಂಡ ಆಚೆ ದಡಕ್ಕೆಂದು ಆ ನೀರ್ಗಲ್ಲಿನ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದಾನೆ, ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಅಲ್ಲಿಗೆ ಅಧ್ಯಾಯ ಮುಗಿದಿದೆ. ನಿಧಿಯ ಪೆನ್ಸಿಲ್ ಗುರುತೂ ಅಲ್ಲಿಗೇ ಮುಗಿದಿದೆ.

ನಮ್ಮ ಮನೆಯ ಹುಡುಗಿ ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿಬಿಟ್ಟಿದ್ದಳು.

ಹೇಳಿದರೆ ಡಾಕ್ಟರು ಏನನ್ನುತ್ತಾರೆ ಎಂದು ನನಗೆ ಗೊತ್ತು, ಅದಕ್ಕೇ ಹೇಳಲಿಲ್ಲ. ಇವರಿಗೆ ಹೇಳಿದೆ. ಇವರು ಅಂಬತ್ತೂರಿನ ಫ್ಯಾಕ್ಟರಿಯಿಂದ ಬಂದು ಕಾಲು ತೊಳೆಯುತ್ತಿದ್ದರು.

"ಪುಸ್ತಕಕ್ಕೂ ಅವಳ ಮೈಗೂ ಏನೇ ಸಂಬಂಧ?"

"ಗೊತ್ತಿಲ್ಲ. ಅವಳು ಬಿಟ್ಟ ಕಡೆಯಿಂದ ನಾನು ಓದ್ತೀನಿ. ಒಂದು ಒಳ್ಳೇ ಜಾಗ ಬರೋವರೆಗೂ ಓದ್ತೀನಿ."

"ಫೋನ್‌ನಲ್ಲಿ ಹಾಕಿದ್ರೆ ಎಲ್ಲಾ ಕನ್ನಡದಲ್ಲೇ ಬರತ್ತೆ ಕಣೇ. ಯಾಕೆ ಒದ್ದಾಡ್ತೀಯ?"

"ಪಾರಾಯಣಕ್ಕೆ ಆಳು ಇಡೋಕಾಗತ್ತಾ ರೀ?"

ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿಕೊಂಡರು. ಅಷ್ಟು ಒರೆಸುವಷ್ಟು ನೀರು ಮುಖದ ಮೇಲೆ ಇರಲಿಲ್ಲ. ಆಮೇಲೆ "ಓದು" ಎಂದರು.

ಹೀಗೆ ಶುರುವಾಯಿತು. ಸ್ನಾನ, ದೇವರ ದೀಪ, ತುಳಸಿಗೆ ನೀರು, ಇವರ ಡಬ್ಬಿ, ಆಮೇಲೆ ನಿಧಿಯ ಮಂಚದ ಕಾಲ ಬಳಿ ಮಣೆ ಹಾಕಿಕೊಂಡು ಕೂರುವುದು. ಪಾರಾಯಣವೆಂದರೆ ಗಟ್ಟಿಯಾಗಿ ಓದಬೇಕು. ಓದಿದೆ. ಒಂದು ಪುಟ ಇಂಗ್ಲಿಷಿನಲ್ಲಿ, ಆಮೇಲೆ ನನಗೆ ತಿಳಿದಷ್ಟು ಅರ್ಥ ಕನ್ನಡದಲ್ಲಿ. ಆ ಹೆಸರುಗಳು ನನ್ನ ನಾಲಿಗೆಗೆ ಒಗ್ಗದವು, ಅದರಿಂದ ಎಲ್ಲರನ್ನೂ ನಂಟರನ್ನಾಗಿ ಮಾಡಿಕೊಂಡೆ. ಗಂಡನ ಅಪ್ಪ ಮಾವನವರು, ಅವನ ತಮ್ಮನ ಹೆಂಡತಿ ಓರಗಿತ್ತಿ, ಕಥೆಯ ನಡುವಿನ ಆ ಹೆಂಗಸು ಬರೀ 'ಅವಳು'. ಜರ್ನಲನ್ನೂ ನಾನೇ ಮುಂದುವರಿಸಿದೆ. ಪ್ರತಿ ಪುಟದ ನೆತ್ತಿಗೆ ಶ್ರೀ ಬರೆದು ಕನ್ನಡದಲ್ಲಿ. ನಾನು ಹೇಳುತ್ತ ಹೋದರೆ ಅವಳು ಎಂದಾದರೂ ಎದ್ದು ಕೂತು ತನ್ನ ಕೈಯಲ್ಲಿ ಅದನ್ನು ಇಂಗ್ಲಿಷಿಗೆ ಇಳಿಸಿಯಾಳು, ಕಾರ್ತಿಕದಲ್ಲಿ ಒಪ್ಪಿಸಿದರೆ ವರ್ಷ ಉಳಿದೀತು ಎಂದು ನನ್ನ ಲೆಕ್ಕ. ಲೆಕ್ಕದಲ್ಲಿ ನಾನು ಹೇಗೆಂದು ಆಗಲೇ ಹೇಳಿದೆನಲ್ಲ.

ಒಳ್ಳೆಯ ಜಾಗ ಬರಲಿಲ್ಲ. ಹೋದವನು ಬರಲಿಲ್ಲ. ಮಾವನವರು ಹಾಸಿಗೆ ಹಿಡಿದರು. ಓರಗಿತ್ತಿ ತವರಿಗೆ ಹೋದಳು. ಅವಳು ಬಾಗಿಲಿಗೂ ಒಲೆಗೂ ನಡುವೆ ಓಡಾಡಿಕೊಂಡಿದ್ದಳು. ಒಂದು ಅಧ್ಯಾಯ ಮುಗಿದರೆ ಇನ್ನೊಂದರಲ್ಲಿ ಅಳು. ಅಜ್ಜನ ನಿಯಮವನ್ನು ನೆಟ್ಟಗೆ ಪಾಲಿಸಿದರೆ ಏಳುವ ಹಾಗೇ ಇಲ್ಲ. ಎರಡು ದಿನ ಏಳಲೂ ಇಲ್ಲ. ಮೊದಲ ದಿನ ಅನ್ನ ತಳ ಹಿಡಿಯಿತು, ಎರಡನೆಯ ದಿನ ಹಾಲು ಉಕ್ಕಿ ಒಲೆಯೆಲ್ಲ ಮುಳುಗಿತು. ಆಮೇಲೆ ಮಂಗಳದ ಅಳತೆಯನ್ನೇ ಇಳಿಸಿಕೊಂಡೆ. ಅವಳು ಬಿಸಿ ಗಂಜಿ ಕುಡಿದಳೆ, ಅಲ್ಲಿ ತುಳಸಿ ದಳ ಇಟ್ಟೆ. ಕೋಳಿ ಒಂದು ಮೊಟ್ಟೆ ಇಟ್ಟಿತೆ, ಅದೂ ಮಂಗಳವೇ. ನಮ್ಮ ಮಡಿಗೆ ಮೊಟ್ಟೆ ಸೇರದು, ಆದರೆ ಆ ದಿನ ಇಡೀ ಅಧ್ಯಾಯದಲ್ಲಿ ನಗುವಂಥದ್ದು ಇದ್ದುದು ಅದೊಂದೇ. ಅಜ್ಜ ಕ್ಷಮಿಸಲಿ.

ಬಲಪುಟದ ವಿಷಯ ಹೇಳಬೇಕು. ಏನನ್ನಿಸಿತು ಎಂದು ಬರೆಯಬೇಕಾದಲ್ಲಿ ಮೊದಮೊದಲು ಶಾಸ್ತ್ರೋಕ್ತವಾಗಿ ಬರೆದೆ: 'ಇವರ ಮನೆಯ ಹತ್ತಿರ ಒಂದು ದೇವಸ್ಥಾನ ಇದ್ದಿದ್ದರೆ ಇವಳು ಸಂಜೆ ಹೊತ್ತು ಹೋಗಿ ಕೂರಬಹುದಿತ್ತು.' 'ಅಷ್ಟು ಚಳಿಯಲ್ಲಿ ಹೋಗುವವನಿಗೆ ಬುತ್ತಿ ಕಟ್ಟಿಕೊಡದೆ ಕಳಿಸಿದ್ದು ತಪ್ಪು.' ಹತ್ತು ದಿನವಾದ ಮೇಲೆ ಓದಿನೋಡಿದರೆ ಬಲಪುಟದಲ್ಲಿ ಬೇರೆಯೇ ಸೇರಿಕೊಂಡಿತ್ತು. 'ಇಂದು ಎರಡು ತುತ್ತು ಮೊಸರನ್ನ ತಿಂದಳು.' 'ಇಂದು ತಾನಾಗಿ ಎದ್ದು ಬಚ್ಚಲಿಗೆ ಹೋದಳು.' 'ತಲೆಗೆ ಎಣ್ಣೆ ಹಚ್ಚಲು ಬಿಟ್ಟಳು. ಕೃಷ್ಣಾರ್ಪಣ.' 'ಇಂದು ಏನೂ ಇಲ್ಲ. ಉಸಿರಾಡುತ್ತಿದ್ದಾಳೆ.'

ದೇವರು ಕೇಳಿಸಿಕೊಳ್ಳಲಿಲ್ಲ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಕೇಳಿಸಿಕೊಂಡು ಸುಮ್ಮನಿದ್ದಾನೆ, ಅದು ಇನ್ನೂ ಕಷ್ಟ. ದೀಪ ಹಚ್ಚುವಾಗ ಮೊದಲೆಲ್ಲ ಅದು ಕೊಡು ಇದು ಕೊಡು ಎಂದು ಉದ್ದದ ಪಟ್ಟಿ ಇರುತ್ತಿತ್ತು. ಈಗ ಬತ್ತಿ ಸರಿಮಾಡಿ ಸುಮ್ಮನೆ ನಿಲ್ಲುತ್ತೇನೆ. ನಾವಿಬ್ಬರೂ ಮಾತಾಡದವಳೊಬ್ಬಳ ಪಕ್ಕದಲ್ಲಿ ಇದ್ದೇವೆ, ಅಷ್ಟೇ.

ಒಂದು ದಿನದ್ದನ್ನು ಮಾತ್ರ ಬಲಪುಟದಲ್ಲಿ ಬರೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ 'ಐಲ್ಯಾಂಡ್' ಎನ್ನುವ ಪದವನ್ನು ನಾನು ಹಿಂದೊಮ್ಮೆ ಅಕ್ಷರ ಇರುವ ಹಾಗೆಯೇ 'ಇಸ್‌ಲ್ಯಾಂಡ್' ಎಂದು ಓದಿದ್ದಕ್ಕೆ ನಿಧಿ ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನ ಉಚ್ಚಾರ ತಿದ್ದುವುದೆಂದರೆ ಅವಳಿಗೆ ಹಬ್ಬ. ಆ ನದಿಯ ನಡುವೆ ಒಂದು ದ್ವೀಪವಿದೆ. ಆ ಪದ ಬಂದಾಗ ಬೇಕೆಂದೇ ಗಟ್ಟಿಯಾಗಿ 'ಇಸ್‌ಲ್ಯಾಂಡ್' ಎಂದೆ. ಕಾದೆ. ಇನ್ನೊಮ್ಮೆ ಅಂದೆ. ಅವಳ ಬೆನ್ನು ಹಾಗೇ ಇತ್ತು. ಫ್ಯಾನು ತಿರುಗುತ್ತಿತ್ತು. ಮೂರನೆಯ ಸಲ ಅನ್ನದೆ ಮುಂದಿನ ಸಾಲಿಗೆ ಹೋದೆ.

ಕಾರ್ತಿಕದಲ್ಲಿ ಒಪ್ಪಿಸುವ ದಿನ ಹತ್ತಿರ ಬಂತು. ನೋಟ್‌ಬುಕ್ಕನ್ನೂ ಪೆನ್ನನ್ನೂ ಅವಳ ದಿಂಬಿನ ಪಕ್ಕದಲ್ಲಿಟ್ಟೆ.

"ನೀನು ಬರಿ ಕಣ್ಣಾ, ನಾನು ಹೇಳ್ತೀನಿ. ದಿನಕ್ಕೆ ನಾಲ್ಕು ಬರೆದರೂ ಆಗೋಗತ್ತೆ."

"ವಿಡು ಮಾ," ಎಂದಳು ಗೋಡೆಗೆ. ಬಿಟ್ಟುಬಿಡಮ್ಮಾ ಎಂದು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅದನ್ನೂ ಬಲಪುಟದಲ್ಲಿ ಬರೆದುಕೊಳ್ಳುತ್ತಿದ್ದೆ.

ಕೊನೆಯ ದಿನ ನಾನೇ ನೋಟ್‌ಬುಕ್ಕನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಅವಳ ಕ್ಲಾಸಿನ ಮಿಸ್ ಚಿಕ್ಕ ವಯಸ್ಸಿನವರು, ಹಿಂದೆ ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದರು. ಕೂರಿಸಿದರು, ನೀರು ಕೊಟ್ಟರು. ನೋಟ್‌ಬುಕ್ಕು ತೆಗೆದು ನಾಲ್ಕನೆಯ ದಿನದ ಬರಹದವರೆಗೆ ಓದಿದರು. ಆಮೇಲೆ ಹುಬ್ಬು ಮೇಲೆ ಹೋಯಿತು.

"ಇದು ಎನ್ನ ಮಾ, ತೆಲುಗಾ?" ಇದೇನಮ್ಮ, ತೆಲುಗೇ ಎಂದು.

"ಕನ್ನಡ ಮಿಸ್. ನಾನು ಬರೆದದ್ದು. ಮೂವತ್ತೊಂದು ದಿನದ್ದಿದೆ."

ಸುಳ್ಳು ಹೇಳಬಹುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳು ಹೇಳಿದಳು, ನಾನು ಬರೆದೆ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಮಿಸ್ ಪುಟ ತಿರುಗಿಸುತ್ತ ಹೋದರು. ಒಂದು ಕಡೆ ಬೆರಳಿಟ್ಟು, ಇದರಲ್ಲಿ ಏನು ಬರೆದಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರು. ನೋಡಿದೆ. ಎಡಪುಟದಲ್ಲಿ, 'ಅವಳು ಕಿಟಕಿಯ ಮೇಲಿನ ಹಿಮವನ್ನು ಉಗುರಿನಿಂದ ಕೆರೆದು ನದಿಯ ಕಡೆ ನೋಡಿದಳು, ಯಾರೂ ಇರಲಿಲ್ಲ' ಎಂದಿತ್ತು. ಬಲಪುಟದಲ್ಲಿ, 'ಇಂದು ನಿಧಿಯ ಉಗುರು ಕತ್ತರಿಸಿದೆ. ಹತ್ತೂ ಬೆರಳು ನನ್ನ ಕೈಯಲ್ಲಿದ್ದವು' ಎಂದಿತ್ತು. ಎರಡನ್ನೂ ತಮಿಳು ಮಾಡಿ ಹೇಳಿದೆ.

ಮಿಸ್ ಆ ಪುಟದಿಂದ ಬೆರಳು ತೆಗೆದರು. "ಅವಳೇ ಎಳುದಣುಂ ಮಾ," ಎಂದರು. ಅವಳೇ ಬರೆಯಬೇಕು, ನಾನು ಇದನ್ನು ತೆಗೆದುಕೊಳ್ಳುವ ಹಾಗಿಲ್ಲ, ಅವಳು ಸರಿಹೋಗಲಿ, ಮುಂದಿನ ವರ್ಷ ಇದೇ ಕ್ಲಾಸಿಗೆ ಬರಲಿ ಎಂದರು. ಅವರು ಹೇಳಿದ್ದು ಸರಿಯೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನೋಟ್‌ಬುಕ್ಕು ಹಿಂದಕ್ಕೆ ಕೊಡುವ ಮೊದಲು ಕೆಂಪು ಪೆನ್ನು ತೆಗೆದು, ತಾವು ಓದಲಾರದ ಆ ಪುಟದ ಕೆಳಗೆ ಒಂದು ರೈಟ್ ಹಾಕಿದರು. ಪುಣ್ಯವಂತೆ. ಬಸ್ಸಿನಲ್ಲಿ ಆ ಕೆಂಪು ಗುರುತು ನೋಡಿಕೊಂಡೇ ಬಂದೆ, ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ. ವರ್ಷ ಹೋಯಿತು.

ಇನ್ನು ಯಾಕೆ ಓದುತ್ತೀಯ ಎಂದು ಇವರು ಕೇಳಲಿಲ್ಲ. ಸ್ನಾನ, ದೀಪ, ಡಬ್ಬಿ, ಮಣೆ. ನಡುವೆ ಒಂದು ಮಧ್ಯಾಹ್ನ, ಮಾಡಬಾರದ ಕೆಲಸ ಮಾಡಿದೆ. ಕೊನೆಯ ಪುಟಗಳನ್ನು ಮೊದಲೇ ಓದಿಬಿಟ್ಟೆ. ಡಿಕ್ಷನರಿ ಹಿಡಿದು ಎರಡೆರಡು ಸಲ ಓದಿದೆ, ನನ್ನ ಇಂಗ್ಲಿಷಿನ ತಪ್ಪಿರಬಹುದೆಂದು. ತಪ್ಪಿರಲಿಲ್ಲ. ನದಿ ಕರಗುತ್ತದೆ, ಅವನು ಬರುವುದಿಲ್ಲ, ಅವಳು ಬಾಗಿಲಲ್ಲೇ ಇದ್ದಾಳೆ, ಪುಸ್ತಕ ಮುಗಿಯುತ್ತದೆ. ಇಷ್ಟು ಜನ ಓದುವ ಪುಸ್ತಕವನ್ನು ಯಾರಾದರೂ ಅಲ್ಲಿ ನಿಲ್ಲಿಸುತ್ತಾರೆಯೆ? ನಾನು ಓದಿಕೊಂಡು ಬಂದದ್ದು ಒಂದು ಒಳ್ಳೆಯ ಜಾಗದ ಆಸೆಗೆ. ಆ ಜಾಗವೇ ಇಲ್ಲದ ಪುಸ್ತಕವನ್ನು ಮಗಳ ಪಕ್ಕದಲ್ಲಿ ಕೂತು ಮೂರು ತಿಂಗಳು ಓದಿದ್ದೆ.

ಈಗ ಧನುರ್ಮಾಸ. ಬೆಳಿಗ್ಗೆ ಬೇಗ ಹುಗ್ಗಿ ನೈವೇದ್ಯವಾಗಿ, ಇವರು ಹೊರಟುಹೋಗಿ, ಓದಲು ಕೂತಿದ್ದೆ. ಅವಳು ನೆಲದ ಮೇಲೆ ಕೂತು ಅವನ ಹಳೆಯ ಕೋಟನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕುತ್ತಿರುವ ಜಾಗ. ಕೆಳಗಿನಿಂದ ಗ್ಯಾಸ್ ಸಿಲಿಂಡರಿನವನ ಕೂಗು, ಆಮೇಲೆ ನಮ್ಮ ಬಾಗಿಲಿನ ಬೆಲ್ಲು. ಹೇಗೂ ಒಳ್ಳೆಯದೇನೂ ಬರುವುದಿಲ್ಲ, ಇಲ್ಲಾದರೇನು ಅಲ್ಲಾದರೇನು ಎಂದು ತುಳಸಿ ದಳ ಇಟ್ಟು ಪುಸ್ತಕ ಮುಚ್ಚಿದೆ. ನನ್ನ ಜನ್ಮದಲ್ಲಿ ಮೊದಲ ಸಲ. ಮೊಣಕಾಲಿಗೆ ಕೈಕೊಟ್ಟು ಏಳುತ್ತಿದ್ದೆ.

"ಅಲ್ಲಿ ನಿಲ್ಲಿಸಕೂಡಾದು ಮಾ."

ಗೋಡೆಯ ಕಡೆಯಿಂದ ಬಂತು. ಅರ್ಧ ಕನ್ನಡ, ಅರ್ಧ ತಮಿಳು, ಆರು ತಿಂಗಳ ತುಕ್ಕು ಹಿಡಿದ ಗಂಟಲು. ಅವಳು ತಿರುಗಲಿಲ್ಲ. ಬೆನ್ನು ಹಾಗೇ ಇತ್ತು. ಆದರೆ ಆ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ನಾನು ಕೂತೆ. ಬೆಲ್ಲು ಇನ್ನೆರಡು ಸಲ ಆಯಿತು. ಸಿಲಿಂಡರು ಮೆಟ್ಟಿಲಿನ ಮೇಲೆ ಠಣ್ ಠಣ್ ಎಂದು ಇಳಿದು ಹೋಯಿತು. ಓದಿದೆ. ಅಕ್ಷರ ಕಾಣದಾದಾಗ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಓದಿದೆ. ಒಂಬತ್ತು ಪುಟ ಆದ ಮೇಲೆ ಕಥೆಯಲ್ಲಿ ಅವಳು ಎದ್ದು, ಕೋಟನ್ನು ಮೊಳೆಗೆ ತೂಗುಹಾಕಿ, ದೀಪ ಹಚ್ಚಿ ಕಿಟಕಿಯಲ್ಲಿಟ್ಟಳು.

"ಇಲ್ಲಿ ನಿಲ್ಲಿಸಲಾ?" ಎಂದು ಕೇಳಿದೆ.

ನಿಧಿ ಬೇಡವೆನ್ನಲಿಲ್ಲ. ದಳ ಇಟ್ಟು ಮುಚ್ಚಿದೆ.

ಸಂಜೆ ಇವರು ಬಂದು, ಖಾಲಿ ಸಿಲಿಂಡರು ಹಾಗೇ ಇರುವುದನ್ನು ನೋಡಿ, "ಮನೇಲೇ ಇದ್ದೆಯಲ್ಲೇ, ಯಾಕೆ ತಗೊಳ್ಳಿಲ್ಲ?" ಎಂದು ಕೇಳಿದರು. ಬಲಪುಟ ತೆಗೆದು ತೋರಿಸಿದೆ. ನಿಂತೇ ಓದಿದರು. ಷೂ ಬಿಚ್ಚದೆ ಹಾಗೇ ಸೋಫಾದ ಮೇಲೆ ಕೂತರು.

ಇನ್ನು ಹನ್ನೊಂದು ಪುಟ ಉಳಿದಿವೆ. ಅವುಗಳಲ್ಲಿ ಗಂಜಿಯಿಲ್ಲ, ದೀಪವಿಲ್ಲ, ಒಂದು ಮೊಟ್ಟೆಯೂ ಇಲ್ಲ. ಕೂತರೆ ಒಂದೇ ಉಸಿರಿಗೆ ಮುಗಿಸಬೇಕು. ಗ್ರಂಥ ಮುಗಿದ ದಿನ ಅಜ್ಜ ಹಾಗೇ ಮುಚ್ಚುತ್ತಿರಲಿಲ್ಲ. ಮೊದಲ ಪುಟಕ್ಕೆ ಹೋಗಿ ಮತ್ತೆ ನಾಲ್ಕು ಸಾಲು ಓದಿ ಇಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಮೊದಲ ಪುಟದಲ್ಲಿ ನದಿ ಇನ್ನೂ ಹರಿಯುತ್ತಿದೆ, ಗಂಡ ಮನೆಯಲ್ಲೇ ಇದ್ದಾನೆ. ಆದರೆ ಅಲ್ಲಿಗೆ ಹೋಗಲು ಆ ಹನ್ನೊಂದು ಪುಟ ದಾಟಬೇಕು. ಕೊನೆಯಲ್ಲಿ ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತು. ನಿಧಿಗೆ ಗೊತ್ತಿಲ್ಲ.

ಅವಳು ಕಾಯುತ್ತಿದ್ದಾಳೆ.